ಲೈಸೆನ್ಸ್ ಒಂದಿದ್ರೆ ಸಾಕಾ? ಹಂಪಿ–ಹೊಸಪೇಟೆ ಸುತ್ತ ಕಂಟ್ರಾಕ್ಟರ್ ಆಗೋರು ತಿಳಿದಿರಬೇಕಾದ ಕಾಗದಗಳು

ಇದು ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಕೇಳೋಕೆ ಆಗದವರು ಓದಿಕೊಳ್ಳಬಹುದು.

ಇವತ್ತು ಒಂದು ಫೋನ್ ಕರೆಯಿಂದ ಶುರು ಮಾಡೋಣ. ಇದು ನಿಜವಾಗಿ ಬಂದ ಕರೆ ಅಲ್ಲ, ಸುಮ್ನೆ ಊಹೆ ಮಾಡ್ಕೊಳ್ಳಿ. ಆದ್ರೆ ಹೊಸಪೇಟೆ ಕಡೆ ಕಟ್ಟಡದ ಕೆಲಸದಲ್ಲಿರೋ ಯಾವ ಹುಡುಗನಿಗೂ ಇದು ಹೊಸದು ಅನ್ನಿಸಲ್ಲ.

ಫೋನ್ ಮಾಡಿದ್ದು ಸೋದರಮಾವ. "ಏನೋ ಅಳಿಯಾ, ಈಗ ನೀನೇ ಕಂಟ್ರಾಕ್ಟರ್ ಆಗೀಯಂತ? ನಮ್ಮ ಜಾಗ ಹಂಪಿ ರೋಡಿನಾಗ ಐತಲ್ಲ, ಅಲ್ಲಿ ನಾಲ್ಕು ರೂಮ್ ಹಾಕಿಕೊಡು. ಟೂರಿಸ್ಟ್ ಬರ್ತಾರ. ರೊಕ್ಕ ರೆಡಿ ಐತಿ. ಸೋಮವಾರ ಪಾಯ ತೋಡಿಸೋಣ."

ಅಳಿಯನಿಗೆ ಖುಷಿ. ಸಿವಿಲ್ ಡಿಪ್ಲೊಮಾ ಮುಗಿದಿದೆ, ಎರಡು ವರ್ಷ ಒಬ್ಬ ಮೇಸ್ತ್ರಿ ಕೈಕೆಳಗೆ ಕೆಲಸ ಮಾಡಿದ್ದಾನೆ, ಗೌಂಡಿಗಳು ಗೊತ್ತು, ಸೆಂಟ್ರಿಂಗ್‌ನವರು ಗೊತ್ತು. ಮೊದಲನೇ ಸ್ವಂತ ಕೆಲಸ. ಬೇಡ ಅನ್ನೋಕೆ ಮನಸ್ಸು ಬರುತ್ತಾ?

ಆದ್ರೆ ಈ ಕರೆಯಲ್ಲಿ ಒಂದು ಪ್ರಶ್ನೆ ಬಿಟ್ಟುಹೋಗಿದೆ. ಆ ಜಾಗದಲ್ಲಿ ಕಟ್ಟೋಕೆ ಬರುತ್ತಾ? ಮಾವ ಕೇಳಿಲ್ಲ, ಅಳಿಯನೂ ಕೇಳಿಲ್ಲ. ಬೇರೆ ಊರಲ್ಲಾದ್ರೆ ಈ ಪ್ರಶ್ನೆ ಮರೆತರೆ ದಂಡ ಕಟ್ಟಿ ಪಾರಾಗಬಹುದೇನೋ. ಹಂಪಿ ಸುತ್ತ ಇದನ್ನು ಮರೆತರೆ ಕಟ್ಟಿದ್ದೆಲ್ಲ ಜೆಸಿಬಿ ಬಾಯಿಗೆ ಹೋಗಬಹುದು. ಹಾಗೆ ಹೋದ ಉದಾಹರಣೆಯೂ ನಮ್ಮ ಕಣ್ಣ ಮುಂದೆಯೇ ಇದೆ. ಅದಕ್ಕೆ ಆಮೇಲೆ ಬರ್ತೀನಿ.

ಲೈಸೆನ್ಸ್ ಅಂದ್ರೆ ಯಾವ ಲೈಸೆನ್ಸ್?

"ಅವರು ಲೈಸೆನ್ಸ್ ಇರೋ ಕಂಟ್ರಾಕ್ಟರ್" ಅಂತ ನಾವು ಸಲೀಸಾಗಿ ಹೇಳಿಬಿಡ್ತೀವಿ. ಆದ್ರೆ ನಮ್ಮಲ್ಲಿ ಲೈಸೆನ್ಸ್ ಅನ್ನೋ ಒಂದೇ ಪದಕ್ಕೆ ನಾಲ್ಕು ಬೇರೆ ಬೇರೆ ಕಾಗದಗಳಿವೆ. ಈ ನಾಲ್ಕನ್ನು ಬಿಡಿಸಿ ನೋಡಿದ್ರೆ ಅರ್ಧ ಗೊಂದಲ ಹೋಗುತ್ತೆ.

ಒಂದು, ಸರ್ಕಾರಿ ಗುತ್ತಿಗೆದಾರನ ನೋಂದಣಿ. ಇದನ್ನು ಕೊಡೋದು ಲೋಕೋಪಯೋಗಿ ಇಲಾಖೆ, ಅಂದ್ರೆ ಪಿಡಬ್ಲ್ಯುಡಿ. ಸರ್ಕಾರದ ರಸ್ತೆ, ಶಾಲೆ, ಚರಂಡಿ, ಅಂಗನವಾಡಿ ಕೆಲಸಕ್ಕೆ ಟೆಂಡರ್ ಹಾಕಬೇಕಾದ್ರೆ ಇದು ಬೇಕು.

ಎರಡು, ನಕ್ಷೆಗೆ ಸಹಿ ಹಾಕೋರ ನೋಂದಣಿ. ಮನೆಯ ಪ್ಲಾನ್ ಮಂಜೂರಾತಿಗೆ ಹೋಗುವಾಗ ಅದಕ್ಕೆ ಅರ್ಹ ಎಂಜಿನಿಯರ್ ಅಥವಾ ಆರ್ಕಿಟೆಕ್ಟ್ ಸಹಿ ಇರಬೇಕು. ಆರ್ಕಿಟೆಕ್ಟ್ ಆದ್ರೆ 1972ರ ವಾಸ್ತುಶಿಲ್ಪಿಗಳ ಕಾಯ್ದೆಯಡಿ ನೋಂದಣಿ ಆಗಿರಬೇಕು. ಎಂಜಿನಿಯರ್ ಆದ್ರೆ ಸ್ಥಳೀಯ ಸಂಸ್ಥೆ ಒಪ್ಪಿದ ಪಟ್ಟಿಯಲ್ಲಿ ಇರಬೇಕು. ಕಂಟ್ರಾಕ್ಟರ್ ನೋಂದಣಿ ಇದೆ ಅಂದ ಮಾತ್ರಕ್ಕೆ ನೀವೇ ಪ್ಲಾನ್‌ಗೆ ಸಹಿ ಹಾಕೋಕೆ ಬರಲ್ಲ.

ಮೂರು, ವಿದ್ಯುತ್ ಗುತ್ತಿಗೆದಾರನ ಲೈಸೆನ್ಸ್. ಇದು ನಿಜವಾದ ಅರ್ಥದಲ್ಲಿ ಲೈಸೆನ್ಸ್. ಖಾಸಗಿ ಮನೆಗೂ ಬೇಕು, ಸರ್ಕಾರಿ ಕಟ್ಟಡಕ್ಕೂ ಬೇಕು. ಕೊಡೋದು ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯ. ನಮ್ಮ ಕಡೆ ಕರೆಂಟ್ ಕೊಡೋ ಜೆಸ್ಕಾಂ ಕೂಡ ವೈರಿಂಗ್ ಕೆಲಸಕ್ಕೆ ಲೈಸೆನ್ಸ್ ಇರೋ ಗುತ್ತಿಗೆದಾರರ ಕಾಗದವನ್ನೇ ಕೇಳುತ್ತೆ.

ನಾಲ್ಕು, ಕಟ್ಟಡ ಪರವಾನಗಿ. ಇದು ನಿಮಗೆ ಸಿಗೋದಲ್ಲ, ಆ ಜಾಗಕ್ಕೆ ಸಿಗೋದು. ಇಂಥ ನಿವೇಶನದಲ್ಲಿ, ಇಂಥ ನಕ್ಷೆ ಪ್ರಕಾರ, ಇಷ್ಟು ಎತ್ತರ ಕಟ್ಟಬಹುದು ಅನ್ನೋ ಒಪ್ಪಿಗೆ.

ಈಗ ಒಂದು ಆಶ್ಚರ್ಯದ ವಿಷಯ. ಖಾಸಗಿಯವರ ಮನೆ ಕಟ್ಟಿಕೊಡೋ ಸಾಮಾನ್ಯ ಮೇಸ್ತ್ರಿ ಅಥವಾ ಕಂಟ್ರಾಕ್ಟರ್‌ಗೆ, ಡ್ರೈವಿಂಗ್ ಲೈಸೆನ್ಸ್ ಥರ ಪರೀಕ್ಷೆ ಬರೆದು ತಗೊಳ್ಳೋ ಲೈಸೆನ್ಸ್ ಕರ್ನಾಟಕದಲ್ಲಿ ಇಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಂಥ ರಾಜ್ಯದಲ್ಲಿ ಕಂಟ್ರಾಕ್ಟರ್‌ಗಳು ಪರೀಕ್ಷೆ ಪಾಸಾಗಿ, ಬಾಂಡ್ ಕೊಟ್ಟು ರಾಜ್ಯದ ಮಂಡಳಿಯಿಂದ ಲೈಸೆನ್ಸ್ ಪಡೀಬೇಕು. ನಮ್ಮಲ್ಲಿ ಆ ಭಾರ ಪೂರ್ತಿ ನಾಲ್ಕನೇ ಕಾಗದದ ಮೇಲೆ, ಅಂದ್ರೆ ಜಾಗದ ಪರವಾನಗಿ ಮೇಲೆ ಬಿದ್ದಿದೆ. ಅದಕ್ಕೇ ಹೇಳೋದು, ಹಂಪಿ ಸುತ್ತ ಕಂಟ್ರಾಕ್ಟರ್ ಆಗೋನು ಮೊದಲು ಕಲಿಯಬೇಕಾದ್ದು ಜಾಗದ ಕಾನೂನನ್ನ.

ಸರ್ಕಾರಿ ಕೆಲಸಕ್ಕೆ ನೋಂದಣಿ ಹೇಗೆ?

ಮೊದಲ ಕಾಗದವನ್ನು ಬೇಗ ಮುಗಿಸಿಬಿಡೋಣ. ಪಿಡಬ್ಲ್ಯುಡಿಯಲ್ಲಿ ಗುತ್ತಿಗೆದಾರರಿಗೆ ದರ್ಜೆಗಳಿವೆ. ಒಂದನೇ ದರ್ಜೆ ದೊಡ್ಡ ಕೆಲಸಕ್ಕೆ, ನಾಲ್ಕನೇ ದರ್ಜೆ ಚಿಕ್ಕ ಕೆಲಸಕ್ಕೆ. ಹೊಸಬರು ಕೆಳಗಿನ ದರ್ಜೆಯಿಂದ ಶುರು ಮಾಡಿ, ಕೆಲಸ ಮಾಡಿದ ಅನುಭವ ತೋರಿಸಿ ಮೇಲೆ ಹೋಗ್ತಾರೆ. ಯಾವ ದರ್ಜೆಗೆ ಎಷ್ಟು ಮೊತ್ತದ ಮಿತಿ, ಎಷ್ಟು ಶುಲ್ಕ ಅನ್ನೋದು ಕಾಲಕಾಲಕ್ಕೆ ಬದಲಾಗುತ್ತೆ. ಹಾಗಾಗಿ ಯೂಟ್ಯೂಬ್‌ನಲ್ಲಿ ನೋಡಿದ ಹಳೆಯ ಅಂಕಿ ನಂಬ್ಕೊಂಡು ಹೋಗಬೇಡಿ, ಇಲಾಖೆಯ ಕಚೇರಿಯಲ್ಲೇ ಕೇಳಿ.

ಕೈಯಲ್ಲಿ ಇರಬೇಕಾದ್ದು ಆಧಾರ್, ಪ್ಯಾನ್, ಜಿಎಸ್‌ಟಿ ನೋಂದಣಿ, ನಿಮ್ಮ ಹಣಕಾಸಿನ ಶಕ್ತಿ ತೋರಿಸೋ ಬ್ಯಾಂಕ್ ಪತ್ರ. ಮೇಲಿನ ದರ್ಜೆಗೆ ಮಾಡಿದ ಕೆಲಸಗಳ ಪ್ರಮಾಣಪತ್ರ. ಮೀಸಲಾತಿ ಇದ್ದರೆ ಜಾತಿ ಪ್ರಮಾಣಪತ್ರ.

ಈ ಕೊನೆಯ ಕಾಗದ ನಮ್ಮ ಭಾಗದ ಹುಡುಗರಿಗೆ ತುಂಬಾ ಮುಖ್ಯ. ಸರ್ಕಾರಿ ಕಾಮಗಾರಿಗಳ ಟೆಂಡರ್ ನಡೆಯೋದು 1999ರ ಕೆಟಿಪಿಪಿ ಕಾಯ್ದೆ ಪ್ರಕಾರ. ಕಾಯ್ದೆಗೆ ತಿದ್ದುಪಡಿ ತಂದು, ನಿಗದಿತ ಮೊತ್ತದೊಳಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಯ ಗುತ್ತಿಗೆದಾರರಿಗೆ ಶೇ 17.15, ಪರಿಶಿಷ್ಟ ಪಂಗಡದವರಿಗೆ ಶೇ 6.95 ಮೀಸಲಿಟ್ಟಿದ್ದಾರೆ. ಶುರುವಿನಲ್ಲಿ ಈ ಮಿತಿ 50 ಲಕ್ಷ ರೂಪಾಯಿ ಇತ್ತು, ಆಮೇಲೆ ಅದನ್ನು ಏರಿಸಿದ್ರು. ಹೊಸಪೇಟೆ, ಸಂಡೂರು, ಕಂಪ್ಲಿ ಕಡೆ ನಾಯಕ ಸಮುದಾಯದ ಹುಡುಗರು ಎಷ್ಟೋ ಜನ ಕಟ್ಟಡದ ಕೆಲಸದಲ್ಲಿದ್ದಾರೆ. ಕೆಲಸ ಗೊತ್ತಿದೆ, ಆದ್ರೆ ಸ್ವಂತ ಹೆಸರಲ್ಲಿ ನೋಂದಣಿ ಇಲ್ಲದೇ ಇನ್ನೊಬ್ಬರ ಹೆಸರಲ್ಲೇ ದುಡೀತಾರೆ. ನೋಂದಣಿ ಮಾಡಿಸೋದು ಅಂದ್ರೆ ಆ ಬಾಗಿಲು ತೆಗೆಯೋದು.

ಟೆಂಡರ್ ಹಾಕೋದು ಕೆಪಿಪಿಪಿ ಅನ್ನೋ ಆನ್‌ಲೈನ್ ಪೋರ್ಟಲ್‌ನಲ್ಲಿ. ಅದಕ್ಕೆ ಡಿಜಿಟಲ್ ಸಹಿ ಬೇಕು. ಇಲ್ಲೊಂದು ಎಚ್ಚರಿಕೆ: ಡಿಜಿಟಲ್ ಸಹಿಯ ಪೆನ್‌ಡ್ರೈವ್ ಮತ್ತು ಪಾಸ್‌ವರ್ಡ್ ಸೈಬರ್ ಅಂಗಡಿಯವರ ಹತ್ರ ಬಿಟ್ಟು ಬರಬೇಡಿ. ಅದು ನಿಮ್ಮ ಹೆಬ್ಬೆಟ್ಟಿದ್ದ ಹಾಗೆ.

ಇನ್ನು ಹಣದ ಲೆಕ್ಕ. ಸೇವೆ ಕೊಡೋರ ವರ್ಷದ ವಹಿವಾಟು 20 ಲಕ್ಷ ದಾಟಿದ್ರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಸರ್ಕಾರಿ ಬಿಲ್‌ನಲ್ಲಿ ಗುತ್ತಿಗೆ ಮೊತ್ತ ಎರಡೂವರೆ ಲಕ್ಷಕ್ಕಿಂತ ಹೆಚ್ಚಿದ್ರೆ ಶೇ 2ರಷ್ಟು ಜಿಎಸ್‌ಟಿ ಟಿಡಿಎಸ್ ಹಿಡೀತಾರೆ, ಆದಾಯ ತೆರಿಗೆಯ ಟಿಡಿಎಸ್ ಬೇರೆ. ಮರಳು, ಜಲ್ಲಿ, ಎಂ–ಸ್ಯಾಂಡ್ ತಂದಿದ್ದಕ್ಕೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಸಾಗಣೆ ಪರವಾನಗಿ ತೋರಿಸದಿದ್ರೆ ರಾಯಲ್ಟಿಯನ್ನೂ ಬಿಲ್‌ನಲ್ಲೇ ಕಡಿತ ಮಾಡ್ತಾರೆ. ಸಂಡೂರಿನಂಥ ಗಣಿ ಬಾಧಿತ ತಾಲ್ಲೂಕಿನಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನದ ದುಡ್ಡಿಂದ ಶಾಲೆ, ಆಸ್ಪತ್ರೆ, ರಸ್ತೆ ಕೆಲಸಗಳು ಬರ್ತಾವೆ. ಅಲ್ಲಿ ದರ ಹಾಕೋವಾಗ ಈ ಕಡಿತಗಳನ್ನೆಲ್ಲ ಲೆಕ್ಕಕ್ಕೆ ಹಿಡಿಯದೇ ಹೋದ್ರೆ, ಕೆಲಸ ಮುಗಿದಾಗ ಕೈಯಲ್ಲಿ ಉಳಿಯೋದು ಧೂಳು ಮಾತ್ರ.

ಯಾವ ಕಚೇರಿ ಬಾಗಿಲು ತಟ್ಟಬೇಕು?

ಈಗ ಮಾವನ ಜಾಗಕ್ಕೆ ಬರೋಣ. ಪರವಾನಗಿ ಯಾರು ಕೊಡ್ತಾರೆ ಅನ್ನೋದು ಜಾಗ ಎಲ್ಲಿದೆ ಅನ್ನೋದರ ಮೇಲೆ ಹೋಗುತ್ತೆ.

ಹೊಸಪೇಟೆ ಪಟ್ಟಣದೊಳಗಾದ್ರೆ ನಗರಸಭೆ. ಬಡಾವಣೆ, ಭೂ ಬಳಕೆ ವಿಷಯಕ್ಕೆ ನಗರಾಭಿವೃದ್ಧಿ ಪ್ರಾಧಿಕಾರ. ಕಂಪ್ಲಿ, ಸಂಡೂರು ಪಟ್ಟಣವಾದ್ರೆ ಅಲ್ಲಿನ ಪುರಸಭೆ. ಹಳ್ಳಿಯಾದ್ರೆ ಗ್ರಾಮ ಪಂಚಾಯಿತಿ. 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಸೆಕ್ಷನ್ ಪ್ರಕಾರ ಪಂಚಾಯಿತಿ ಒಪ್ಪಿಗೆ ಇಲ್ಲದೇ ಹಳ್ಳಿಯಲ್ಲಿ ಕಟ್ಟಡ ಕಟ್ಟೋ ಹಾಗಿಲ್ಲ.

ಜಿಲ್ಲೆ ವಿಷಯದಲ್ಲೂ ಹುಷಾರು. 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಹೊಸಪೇಟೆ, ಹಂಪಿ ಅದಕ್ಕೆ ಬಂತು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಹೊಳೆ ಆಚೆ ಆನೆಗೊಂದಿಗೆ ಹೋದ್ರೆ ಅದು ಕೊಪ್ಪಳ ಜಿಲ್ಲೆ, ಗಂಗಾವತಿ ತಾಲ್ಲೂಕು. ಅಂದ್ರೆ ನೀವು ಬೈಕಲ್ಲಿ ಅರ್ಧ ದಿನದಲ್ಲಿ ಸುತ್ತೋ ಜಾಗದಲ್ಲಿ ಮೂರು ಜಿಲ್ಲಾಧಿಕಾರಿ ಕಚೇರಿಗಳು.

ಜಾಗ ಹೊಲವಾಗಿದ್ರೆ ಮೊದಲು ಭೂ ಪರಿವರ್ತನೆ ಆಗಬೇಕು. ಇದು 1964ರ ಭೂ ಕಂದಾಯ ಕಾಯ್ದೆಯ 95ನೇ ಸೆಕ್ಷನ್. ನಮ್ಮವರು ಇದನ್ನು ಎನ್ಎ ಮಾಡಿಸೋದು ಅಂತಾರೆ. ಪಹಣಿಯಲ್ಲಿ ಇನ್ನೂ ಭತ್ತ, ಕಬ್ಬು, ಬಾಳೆ ಅಂತ ಇರೋ ಜಾಗದಲ್ಲಿ ರೂಮ್ ಎಬ್ಬಿಸಿದ್ರೆ ಅದು ಕಾನೂನಿನ ಲೆಕ್ಕದಲ್ಲಿ ಅಕ್ರಮವೇ.

ಇಷ್ಟು ಎಲ್ಲಾ ಊರಿಗೂ ಒಂದೇ. ಹಂಪಿ ಸುತ್ತ ಇದರ ಮೇಲೆ ಇನ್ನೂ ಎರಡು ಪದರ ಇದೆ.

ಮೊದಲ ಪದರ: 100 ಮೀಟರ್, 200 ಮೀಟರ್

ಕೇಂದ್ರ ಸರ್ಕಾರದ ರಕ್ಷಣೆಯಲ್ಲಿರೋ ಸ್ಮಾರಕಗಳಿಗೆ 1958ರ ಒಂದು ಕಾಯ್ದೆ ಇದೆ. 2010ರಲ್ಲಿ ಅದಕ್ಕೆ ದೊಡ್ಡ ತಿದ್ದುಪಡಿ ಆಯ್ತು. ಅದರ ಪ್ರಕಾರ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ. ಅದರಾಚೆ ಮತ್ತೆ 200 ಮೀಟರ್ ನಿಯಂತ್ರಿತ ಪ್ರದೇಶ. ಒಟ್ಟು 300 ಮೀಟರ್. ಅಡಿ ಲೆಕ್ಕದಲ್ಲಿ ಹೇಳೋದಾದ್ರೆ ಮೊದಲ 328 ಅಡಿಯಲ್ಲಿ ಹೊಸ ಕಟ್ಟಡ ಬೇಡವೇ ಬೇಡ, ಅಲ್ಲಿಂದ ಸುಮಾರು 984 ಅಡಿವರೆಗೆ ಕೇಳದೇ ಒಂದು ಕಲ್ಲೂ ಇಡೋ ಹಾಗಿಲ್ಲ.

ಇಲ್ಲಿ ಬಹಳ ಜನ ಒಂದು ತಪ್ಪು ಮಾಡ್ತಾರೆ. ಟೇಪ್ ಹಿಡಿದು ಗುಡಿ ಗೋಡೆಯಿಂದ ಅಳೀತಾರೆ. ಕಾನೂನು ಅಳೆಯೋದು ಸಂರಕ್ಷಿತ ಪ್ರದೇಶದ ಗಡಿಯಿಂದ. ಗುಡಿ ಚಿಕ್ಕದಿದ್ರೂ ಅದರ ಸುತ್ತಲಿನ ಜಾಗ ಸಂರಕ್ಷಿತ ಅಂತ ಘೋಷಣೆ ಆಗಿದ್ರೆ ನಿಮ್ಮ 100 ಮೀಟರ್ ಶುರುವಾಗೋದೇ ಅಲ್ಲಿಂದ. ಹಂಪಿಯಲ್ಲಿ ಇಂಥ ಕೇಂದ್ರ ಸಂರಕ್ಷಿತ ಸ್ಮಾರಕಗಳು 50ಕ್ಕೂ ಹೆಚ್ಚು. ಒಂದರ ಗಡಿ ಮುಗಿಯೋಷ್ಟರಲ್ಲಿ ಇನ್ನೊಂದರದ್ದು ಶುರು.

ಹಾಗಾದ್ರೆ ನಿಷೇಧಿತ ಪ್ರದೇಶದಲ್ಲಿ ಅಜ್ಜನ ಕಾಲದ ಮನೆ ಇದೆ, ಮಳೆಗೆ ಸೋರುತ್ತೆ. ಏನ್ ಮಾಡೋದು? 1992ರ ಜೂನ್ 16ಕ್ಕಿಂತ ಮೊದಲೇ ಇದ್ದ ಮನೆಯಾದ್ರೆ ಅನುಮತಿ ತಗೊಂಡು ದುರಸ್ತಿ, ನವೀಕರಣ ಮಾಡಬಹುದು. ಗಮನಿಸಿ, ದುರಸ್ತಿ ಅಷ್ಟೇ. ಕೆಡವಿ ಹೊಸದು ಕಟ್ಟೋದು, ಮೇಲೊಂದು ಮಹಡಿ ಏರಿಸೋದು ದುರಸ್ತಿ ಅಲ್ಲ. ಸೋರೋ ಮಾಳಿಗೆ ಸರಿ ಮಾಡೋಕೆ ಅಂತ ಅನುಮತಿ ತಗೊಂಡು ಸದ್ದಿಲ್ಲದೇ ಎರಡು ರೂಮ್ ಏರಿಸಿದ್ರೆ, ಇದ್ದ ಮನೆಗೂ ತೊಂದರೆ.

ನಿಯಂತ್ರಿತ ಪ್ರದೇಶದಲ್ಲಿ ಹೊಸದಾಗಿ ಕಟ್ಟಬಹುದು, ಆದ್ರೆ ಸಕ್ಷಮ ಪ್ರಾಧಿಕಾರದ ಅನುಮತಿ ಬೇಕು. ನೀವು ಅರ್ಜಿ ಕೊಟ್ಟ 15 ದಿನದೊಳಗೆ ಅವರು ಅದನ್ನು ದೆಹಲಿಯ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳಿಸಬೇಕು. ಅಲ್ಲಿಂದ ಅಭಿಪ್ರಾಯ ಬರೋಕೆ ಕಾನೂನು ಕೊಟ್ಟಿರೋ ಸಮಯ ಎರಡು ತಿಂಗಳು. ಬಂದ ಮೇಲೆ ಹೌದು ಅಥವಾ ಇಲ್ಲ ಅನ್ನೋಕೆ ಒಂದು ತಿಂಗಳು. ಕೂಡಿಸಿ ನೋಡಿ, ಎಲ್ಲಾ ಸರಿಯಾಗಿ ನಡೆದ್ರೂ ಮೂರೂವರೆ ತಿಂಗಳು. ಮಾವ "ಸೋಮವಾರ ಪಾಯ" ಅಂದಿದ್ರಲ್ಲ, ಅವರಿಗೆ ಹೇಳಬೇಕಾದ್ದು ಇದನ್ನೇ. ಸೋಮವಾರ ಪಾಯ ಅಲ್ಲ ಮಾವ, ಸೋಮವಾರ ಅರ್ಜಿ.

ನಿಮ್ಮ ಜಾಗ ಯಾವ ಪ್ರದೇಶದಲ್ಲಿ ಬರುತ್ತೆ ಅಂತ ಅಂದಾಜು ಮಾಡೋಕೆ ಇಸ್ರೊ ನೆರವಿನಿಂದ ಮಾಡಿದ ಸ್ಮಾರಕ್ ಅನ್ನೋ ಆ್ಯಪ್ ಬಂದಿದೆ. ಫೋನ್ ತೋರಿಸಿದ್ದು ಒಂದು ಸುಳಿವು ಅಂತ ಇಟ್ಕೊಳ್ಳಿ. ಕೊನೆಯ ಮಾತು ಸರ್ವೆ ನಕ್ಷೆಯದ್ದು, ಪುರಾತತ್ವ ಇಲಾಖೆಯದ್ದು. ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆ 2020ರಲ್ಲಿ ಹಂಪಿಗೇ ಪ್ರತ್ಯೇಕ ವೃತ್ತ ಮಾಡಿದೆ. ಹಾಗಾಗಿ ಮೊದಲ ವಿಚಾರಣೆಗೆ ಬೆಂಗಳೂರಿಗೆ ಓಡಬೇಕಿಲ್ಲ.

ಈ ಕಾನೂನು ಮುರಿದ್ರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಕಾಯ್ದೆ ಜಾಗದ ಮಾಲೀಕ ಅಂತ ಮಾತ್ರ ಹೇಳಲ್ಲ, ಯಾರೇ ಕಟ್ಟಿದ್ರೂ ಅನ್ನುತ್ತೆ. ಅಂದ್ರೆ "ಜಾಗ ಮಾವಂದು, ನಂದೇನಿಲ್ಲ" ಅಂತ ಅಳಿಯ ಕೈ ತೊಳ್ಕೊಳ್ಳೋಕೆ ಆಗಲ್ಲ.

ಎರಡನೇ ಪದರ: ಹಂಪಿ ಪ್ರಾಧಿಕಾರ

ಸರಿ, ನಮ್ಮ ಜಾಗ ಯಾವ ಸ್ಮಾರಕದಿಂದಲೂ 300 ಮೀಟರ್ ಒಳಗಿಲ್ಲ. ಇನ್ನು ನಿರಾಳ ಅಲ್ವಾ? ಇಲ್ಲ.

ಹಂಪಿ 1986ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಇಲ್ಲಿ ಪರಂಪರೆ ಅಂದ್ರೆ ಗುಡಿಗಳಷ್ಟೇ ಅಲ್ಲ. ಬಂಡೆಗುಡ್ಡ, ಹೊಳೆ, ಹಳೇ ಕಾಲುವೆ, ಬಾಳೆ ತೋಟ, ಊರು, ಎಲ್ಲಾ ಸೇರಿ ಒಂದು ನೋಟ. ಅದನ್ನು ಕಾಪಾಡೋಕೆ ರಾಜ್ಯ ಸರ್ಕಾರ 2002ರ ಹೆಸರಿನ ಒಂದು ಕಾಯ್ದೆ ತಂದು ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ಮಾಡಿತು. ಬಾಯಿಮಾತಿನಲ್ಲಿ ನಾವು ಹಂಪಿ ಪ್ರಾಧಿಕಾರ ಅಂತೀವಿ.

ಇದರ ವ್ಯಾಪ್ತಿ ಸುಮಾರು 236 ಚದರ ಕಿಲೋಮೀಟರ್. ಹೊಳೆಯ ಎರಡೂ ದಡ ಸೇರಿ 29 ಹಳ್ಳಿ. ನಡುವಿನ ಕೋರ್ ಪ್ರದೇಶವೇ 41 ಚದರ ಕಿಲೋಮೀಟರ್‌ಗೂ ಹೆಚ್ಚು, ಅದರ ಸುತ್ತ ಬಫರ್. ಈ ವ್ಯಾಪ್ತಿಯಲ್ಲಿ ಕಟ್ಟಡ, ಬಡಾವಣೆ, ಭೂ ಬಳಕೆ ಬದಲಾವಣೆ, ಯಾವುದೇ ಅಭಿವೃದ್ಧಿಗೂ ಪ್ರಾಧಿಕಾರದ ಒಪ್ಪಿಗೆ ಬೇಕು. ಜಾಗ ಮಹಾಯೋಜನೆಯಲ್ಲಿ ಯಾವ ಬಣ್ಣದಲ್ಲಿದೆ, ಕೃಷಿನಾ, ವಸತಿನಾ, ವಾಣಿಜ್ಯನಾ ಅನ್ನೋದನ್ನ ನೋಡ್ತಾರೆ. ಮನೆಗೆ ಅಂತ ಕೊಟ್ಟ ಒಪ್ಪಿಗೆಯಲ್ಲಿ ಲಾಡ್ಜ್ ನಡೆಸೋಕೆ ಬರಲ್ಲ. ಹೋಂಸ್ಟೇ ಮಾಡ್ತೀವಿ ಅಂದ್ರೆ ಪ್ರವಾಸೋದ್ಯಮ ಇಲಾಖೆಯ ನೋಂದಣಿ ಅದರ ಮೇಲೆ ಬೇರೆ.

ಬಹಳ ಜನ ಎಡವೋದು ಇಲ್ಲೇ. ಪಂಚಾಯಿತಿಯಿಂದ ಒಂದು ಕಾಗದ ಬಂತು, ಖಾತೆ ಆಯ್ತು, ಕರೆಂಟ್ ಬಂತು, ತೆರಿಗೆ ರಸೀದಿ ಬಂತು, ಇನ್ನೇನು ಬೇಕು ಅಂತಾರೆ. ತೆರಿಗೆ ರಸೀದಿ ಅಂದ್ರೆ ನೀವು ತೆರಿಗೆ ಕಟ್ಟಿದ್ದೀರಿ ಅಂತ ಅಷ್ಟೇ ಅರ್ಥ, ಕಟ್ಟಡ ಕಾನೂನುಬದ್ಧ ಅಂತ ಅಲ್ಲ.

ವಿರೂಪಾಪುರ ಗಡ್ಡೆ ಕಲಿಸಿದ ಪಾಠ

ಮೊದಲೇ ಹೇಳಿದ್ನಲ್ಲ, ಕಣ್ಣ ಮುಂದಿನ ಉದಾಹರಣೆ ಅಂತ. ಅದು ವಿರೂಪಾಪುರ ಗಡ್ಡೆ. ವಿರೂಪಾಕ್ಷ ಗುಡಿಯ ಎದುರು ಹೊಳೆ ದಾಟಿದ್ರೆ ಸಿಗ್ತಿದ್ದ ಆ ನಡುಗಡ್ಡೆ, ಗುಡಿಸಲು ಶೈಲಿಯ ರೂಮುಗಳು, ರೆಸ್ಟೊರೆಂಟ್‌ಗಳಿಂದ ದೇಶ ವಿದೇಶದ ಹುಡುಗರಿಗೆಲ್ಲ ಗೊತ್ತಿತ್ತು.

ಅಲ್ಲಿನ ಕಟ್ಟಡಗಳು ಅಕ್ರಮ, ತೆರವು ಮಾಡಬೇಕು ಅನ್ನೋ ವಿಷಯ ಕೋರ್ಟಿಗೆ ಹೋಯ್ತು. 2015ರಲ್ಲಿ ಕರ್ನಾಟಕ ಹೈಕೋರ್ಟ್ ತೆರವಿನ ಪರ ತೀರ್ಪು ಕೊಟ್ಟಿತು. ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದ್ರು. ಅವರ ಒಂದು ಮುಖ್ಯ ವಾದ ಏನಂದ್ರೆ, 1988ರಲ್ಲಿ ರಾಜ್ಯ ಸರ್ಕಾರ ಹೊರಡಿಸಿದ ಅಧಿಸೂಚನೆ ಕೆಲವು ಸ್ಮಾರಕಗಳಿಗೆ ಮಾತ್ರ, ನಮ್ಮ ಇಡೀ ಊರಿಗೆ ಅಲ್ಲ ಅಂತ. ಕೋರ್ಟ್ ಒಪ್ಪಲಿಲ್ಲ. 2020ರ ಫೆಬ್ರುವರಿ 11ರಂದು ಹೈಕೋರ್ಟ್ ಆದೇಶವನ್ನೇ ಎತ್ತಿ ಹಿಡಿಯಿತು. ಮಾರ್ಚ್ ಮೊದಲ ವಾರದಲ್ಲೇ ಯಂತ್ರಗಳು ಗಡ್ಡೆಗೆ ಇಳಿದವು.

ನೋಡಿ, ಪೂರ್ತಿ ಜಗಳ ನಿಂತಿದ್ದು 1988ರ ಒಂದು ಕಾಗದದ ಮೇಲೆ. ಅಲ್ಲಿ ರೂಮ್ ಕಟ್ಟಿದ ಎಷ್ಟೋ ಗೌಂಡಿಗಳು ಆಗ ಹುಟ್ಟಿರಲೂ ಇಲ್ಲ. ಗೋಡೆ ಗಟ್ಟಿಯಾಗೇ ಇತ್ತು, ವ್ಯಾಪಾರವೂ ಚೆನ್ನಾಗಿತ್ತು. ಆದ್ರೆ ಅದು ನಿಂತ ನೆಲದ ಕಾನೂನು ಬೇರೆ ಹೇಳ್ತಿತ್ತು.

ಹಂಪಿ ಬಜಾರ್‌ನ ಕಥೆ ಇದಕ್ಕಿಂತ ನೋವಿನದ್ದು. ವಿರೂಪಾಕ್ಷ ಗುಡಿಯ ಮುಂದಿನ ಸಾಲುಮಂಟಪಗಳಲ್ಲಿ ಎಷ್ಟೋ ವರ್ಷಗಳಿಂದ ಸಂಸಾರ ಮಾಡ್ಕೊಂಡಿದ್ದವರನ್ನು, ಅಂಗಡಿ ಇಟ್ಕೊಂಡಿದ್ದವರನ್ನು 2011ರ ಜುಲೈನಲ್ಲಿ ಎಬ್ಬಿಸಿದ್ರು. ಪುನರ್ವಸತಿಗೆ ಕಡ್ಡಿರಾಂಪುರ ತೋರಿಸಿದ್ರು. ಆ ಜನರಿಗೆ ಆದದ್ದು ನ್ಯಾಯವೇ ಅಂತ ಇವತ್ತಿಗೂ ವಾದ ಇದೆ, ಆ ವಾದಕ್ಕೆ ಕಾರಣವೂ ಇದೆ. ತಲೆತಲಾಂತರದಿಂದ ಇದ್ದವನಿಗೆ ಮಾಳಿಗೆ ಸರಿಮಾಡಿಸೋಕೂ ಹತ್ತು ಕಚೇರಿ, ದೂರದಿಂದ ಬಂದ ದುಡ್ಡಿನವನಿಗೆ ಸಲೀಸು ಅನ್ನೋ ಸಿಟ್ಟು ನಮ್ಮೂರಲ್ಲಿ ಕೇಳದವರು ಯಾರಿದ್ದಾರೆ? ಆ ಸಿಟ್ಟನ್ನು ನಾನು ಅಲ್ಲಗಳೆಯಲ್ಲ. ಆದ್ರೆ ಯಂತ್ರ ಬಂದಾಗ ಸಿಟ್ಟು ಮನೆ ಉಳಿಸಲ್ಲ. ಉಳಿಸೋದಾದ್ರೆ ಉಳಿಸೋದು ಕಾಗದ.

ಸರ್ಕಾರದ ಕೆಲಸಕ್ಕೂ ಈ ನೆಲದಲ್ಲಿ ವಿನಾಯಿತಿ ಸಿಗಲಿಲ್ಲ. ಆನೆಗೊಂದಿ–ತಳವಾರಘಟ್ಟದ ನಡುವೆ ಸೇತುವೆ ಕಟ್ಟೋಕೆ ಹೊರಟಾಗ ಯುನೆಸ್ಕೊ 1999ರಲ್ಲಿ ಹಂಪಿಯನ್ನು ಅಪಾಯದಲ್ಲಿರೋ ಪರಂಪರೆ ಪಟ್ಟಿಗೆ ಸೇರಿಸಿತು. ಅದರಿಂದ ಹೊರಬರೋಕೆ 2006ರವರೆಗೆ ಕಾಯಬೇಕಾಯ್ತು. ಕೊನೆಗೆ 2009ರ ಜನವರಿಯಲ್ಲಿ ಆ ಸೇತುವೆ ಕೆಲಸ ನಡೆಯುವಾಗಲೇ ಕುಸಿದು ಕಾರ್ಮಿಕರು ಸತ್ತರು. ಹಾಗಾಗಿ ನೀವು ಹಾಕೋ ಟೆಂಡರ್ ಸರ್ಕಾರದ್ದೇ ಆದ್ರೂ, ಜಾಗ ಹಂಪಿ ವ್ಯಾಪ್ತಿಯಲ್ಲಿದ್ರೆ ಮೊದಲೇ ಕೇಳಿ: ಎನ್ಒಸಿ ಆಗಿದೆಯಾ? ಕೆಲಸ ಅರ್ಧಕ್ಕೆ ನಿಂತ್ರೆ ಸೆಂಟ್ರಿಂಗ್ ಬಾಡಿಗೆ ಕಟ್ಟೋದು ಇಲಾಖೆ ಅಲ್ಲ, ನೀವು.

ಹಾಗಾದ್ರೆ ಕಾಗದಗಳ ಕ್ರಮ ಏನು?

ಮಾವನ ಜಾಗವನ್ನೇ ಇಟ್ಕೊಂಡು ಹೆಜ್ಜೆ ಹೆಜ್ಜೆಯಾಗಿ ನೋಡೋಣ. ಇದನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಬಹುದು.

ಮೊದಲು ಸರ್ವೆ ನಂಬರ್ ಮತ್ತು ಪಹಣಿ. ಯಾವ ಹಳ್ಳಿ, ಯಾವ ಜಿಲ್ಲೆ ಅಂತ ಖಾತ್ರಿ ಮಾಡ್ಕೊಳ್ಳಿ. ಆ ಹಳ್ಳಿ ಪ್ರಾಧಿಕಾರದ 29 ಹಳ್ಳಿಗಳ ಪಟ್ಟಿಯಲ್ಲಿದೆಯಾ ನೋಡಿ.

ಎರಡನೇದು ಸ್ಮಾರಕದ ದೂರ. 300 ಮೀಟರ್ ಒಳಗೆ ಬರುತ್ತಾ ಅಂತ ಪುರಾತತ್ವ ಇಲಾಖೆಯಲ್ಲಿ ಕೇಳಿ. ರಾಜ್ಯ ಪುರಾತತ್ವ ಇಲಾಖೆಯ ಸ್ಮಾರಕ, ಅಧಿಸೂಚನೆ ಇದೆಯಾ ಅನ್ನೋದನ್ನೂ ಕೇಳಿ. ಗಡ್ಡೆಯ ಪ್ರಕರಣದಲ್ಲಿ ಮುಖ್ಯವಾಗಿದ್ದು ರಾಜ್ಯದ ಅಧಿಸೂಚನೆಯೇ.

ಮೂರನೇದು ಭೂ ಬಳಕೆ ಮತ್ತು ಪರಿವರ್ತನೆ. ಹಂಪಿ ಪ್ರಾಧಿಕಾರ ಅಥವಾ ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ ಆ ಸರ್ವೆ ನಂಬರ್ ಯಾವುದಕ್ಕೆ ಮೀಸಲು ಅಂತ ಬರಹದಲ್ಲಿ ತಗೊಳ್ಳಿ. ಬಾಯಿಮಾತಿನ "ಆಗುತ್ತೆ ಬಿಡಿ" ಲೆಕ್ಕಕ್ಕಿಲ್ಲ.

ನಾಲ್ಕನೇದು ಖಾತೆ. ಪಟ್ಟಣದಲ್ಲಾದ್ರೆ ಇ–ಖಾತೆ, ಹಳ್ಳಿಯಲ್ಲಾದ್ರೆ ಇ–ಸ್ವತ್ತಿನ ನಮೂನೆ 9 ಮತ್ತು 11.

ಐದನೇದು ನಕ್ಷೆ. ಎಂಜಿನಿಯರ್ ಹತ್ರ ನಿಯಮದ ಪ್ರಕಾರ ಸುತ್ತ ಜಾಗ ಬಿಟ್ಟು ಪ್ಲಾನ್ ಮಾಡಿಸಿ, ನಗರಸಭೆ, ಪುರಸಭೆ ಅಥವಾ ಪಂಚಾಯಿತಿಗೆ ಅರ್ಜಿ. ಪರವಾನಗಿ ಕೈಗೆ ಬಂದ ಮೇಲೇ ಪಾಯ. ಮಂಜೂರಾದ ನಕ್ಷೆಯ ಒಂದು ಪ್ರತಿ ಸೈಟಿನಲ್ಲೇ ಇರಲಿ.

ಆರನೇದು ಕೆಲಸ ಮುಗಿದ ಮೇಲಿನ ಕಾಗದ, ಅಂದ್ರೆ ಪೂರ್ಣಗೊಂಡ ಪ್ರಮಾಣಪತ್ರ ಮತ್ತು ಸ್ವಾಧೀನ ಪ್ರಮಾಣಪತ್ರ. ಇದನ್ನು ನಮ್ಮ ಕಡೆ ಯಾರೂ ತಲೆಗೆ ಹಚ್ಕೊಳ್ತಿರಲಿಲ್ಲ. ಆದ್ರೆ 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಅಕ್ರಮ ಕಟ್ಟಡಗಳ ಬಗ್ಗೆ ಬಿಗಿ ಆದೇಶ ಕೊಟ್ಟಿತು. ಈ ಪ್ರಮಾಣಪತ್ರ ನೋಡಿಯೇ ಕರೆಂಟ್, ನೀರು, ಚರಂಡಿ ಸಂಪರ್ಕ ಕೊಡಬೇಕು, ಬ್ಯಾಂಕುಗಳೂ ಇದನ್ನು ನೋಡಿಯೇ ಸಾಲ ಕೊಡಬೇಕು ಅಂತು. ಆಮೇಲೆ ಸಣ್ಣ ಮನೆಗಳಿಗೆ ರಾಜ್ಯ ಸರ್ಕಾರ ವಿನಾಯಿತಿ ಆದೇಶಗಳನ್ನು ತಂದಿದೆ. ನಿಮ್ಮ ಕಟ್ಟಡದ ಅಳತೆಗೆ ಅದು ಅನ್ವಯ ಆಗುತ್ತಾ ಅಂತ ಜೆಸ್ಕಾಂ ಮತ್ತು ಸ್ಥಳೀಯ ಕಚೇರಿಯಲ್ಲಿ ಶುರುವಿಗೇ ಕೇಳಿ. ಸ್ಲ್ಯಾಬ್ ಬಿದ್ದ ಮೇಲೆ ಕೇಳಿದ್ರೆ ತಡ.

ಆಳುಗಳು, ಒಪ್ಪಂದ, ನಿಮ್ಮ ಹೆಸರು

ಕೊನೆಯದಾಗಿ ಎರಡು ಮಾತು. ಒಂದು ಕೆಲಸದವರ ಬಗ್ಗೆ. ಕಟ್ಟಡದ ವೆಚ್ಚದ ಮೇಲೆ ಶೇ 1ರಷ್ಟು ಕಾರ್ಮಿಕ ಕಲ್ಯಾಣ ಸೆಸ್ ಅಂತ ಇದೆ. ಆ ದುಡ್ಡು ಹೋಗೋದು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ. 18ರಿಂದ 60 ವರ್ಷದೊಳಗಿನ, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ ಯಾರೇ ಆದ್ರೂ ಅಲ್ಲಿ ಕಾರ್ಡ್ ಮಾಡಿಸಬಹುದು. ಅದಕ್ಕೆ ಕೆಲಸದ ದೃಢೀಕರಣ ಬೇಕು. ನಿಮ್ಮ ಹತ್ರ ಕಲ್ಲು ಹೊತ್ತ ಅಕ್ಕನಿಗೆ, ಗಾರೆ ಕಲಸಿದ ಅಣ್ಣನಿಗೆ ಆ ಒಂದು ಸಹಿ ಹಾಕಿಕೊಡೋಕೆ ಸತಾಯಿಸಬೇಡಿ. ಮೇಲಿಂದ ಬಿದ್ದು ಪೆಟ್ಟಾದಾಗ ಆ ಮನೆಗೆ ಆಸರೆ ಆಗೋದು ಅದೇ ಕಾರ್ಡ್.

ಇನ್ನೊಂದು, ಮಾಲೀಕರ ಜೊತೆಗಿನ ಒಪ್ಪಂದ. ಮಾವನೇ ಆಗಲಿ, ಬೀಗರೇ ಆಗಲಿ, ಬರೆದುಕೊಳ್ಳಿ. ಚದರಕ್ಕೆ ಎಷ್ಟು, ಸಾಮಾನು ಸಮೇತವಾ ಬರೀ ಕೂಲಿಯಾ, ಪಾಯಕ್ಕೆ ಎಷ್ಟು, ಸ್ಲ್ಯಾಬ್‌ಗೆ ಎಷ್ಟು ಕೊಡ್ತಾರೆ, ಎಲ್ಲಾ ಇರಲಿ. ಅದರಲ್ಲಿ ಒಂದು ಸಾಲು ತಪ್ಪದೇ ಇರಲಿ: ಎಲ್ಲಾ ಇಲಾಖೆಗಳ ಪರವಾನಗಿ ತರೋರು ಯಾರು, ಅದು ಬರೋವರೆಗೆ ಕೆಲಸ ಶುರು ಆಗಲ್ಲ. ಈ ಸಾಲು ಬರೆಯೋವಾಗ ಮುಜುಗರ ಆಗುತ್ತೆ. ಸಂಬಂಧದೊಳಗೆ ಕಾಗದ ಏನಕ್ಕೆ ಅಂತಾರೆ. ಆದ್ರೆ ನೋಟಿಸ್ ಬಂದ ದಿನ ಸಂಬಂಧ ಉಳಿಸೋದು ಇದೇ ಸಾಲು.

ಮತ್ತೆ ಆ ಫೋನ್ ಕರೆಗೆ ಹೋಗೋಣ. ಅಳಿಯ ಏನು ಹೇಳಬೇಕು? ಹೀಗೆ ಹೇಳಬಹುದು. "ಮಾಮ, ಕಟ್ಟಿಕೊಡ್ತೀನಿ. ಆದ್ರ ಮೊದಲು ಪಹಣಿ ಫೋಟೊ ವಾಟ್ಸ್ಆ್ಯಪ್ ಮಾಡ್ರಿ. ಪ್ರಾಧಿಕಾರಕ್ಕ, ಪುರಾತತ್ವ ಇಲಾಖೆಗೆ ಹೋಗಿ ಕೇಳ್ಕೊಂಡು ಬರ್ತೀನಿ. ಆಗತ್ತ ಅಂದ್ರ ಆ ಕೆಲಸ ನಂದ. ಆಗಂಗಿಲ್ಲ ಅಂದ್ರ ನಿಮ್ಮ ರೊಕ್ಕ ನಿಮ್ಮ ಹತ್ರನ ಉಳೀತದ."

ಮಾವ ಒಂದು ದಿನ ಬೇಜಾರು ಮಾಡ್ಕೊಳ್ಳಬಹುದು. "ಬ್ಯಾರೆ ಮೇಸ್ತ್ರಿ ನಾಳೇನ ಶುರು ಮಾಡ್ತೀನಿ ಅಂತಾನ" ಅನ್ನಬಹುದು. ಅನ್ನಲಿ. ಹಂಪಿ ಸುತ್ತ ಕೆಲಸ ಮಾಡೋ ಕಂಟ್ರಾಕ್ಟರ್‌ಗೆ "ಈ ಜಾಗದಲ್ಲಿ ಆಗಲ್ಲ" ಅಂತ ಹೇಳೋದೂ ಕೆಲಸದ ಒಂದು ಭಾಗ. ಹಾಗೆ ಹೇಳಿದವನ ಹತ್ರನೇ ಜನ ಮುಂದಿನ ಸಲ ಮನೆ ಕಟ್ಟಿಸೋಕೆ ಬರ್ತಾರೆ.

ಇವತ್ತಿಗೆ ಇಷ್ಟು. ನಿಮ್ಮ ಮನೇಲಿ ಯಾರಾದ್ರೂ ಪಾಯ ತೋಡಿಸೋ ಮಾತಾಡ್ತಿದ್ರೆ ಈ ಸಂಚಿಕೆಯನ್ನ ಅವರಿಗೆ ಕಳಿಸಿ.